ಪುಟ್ಟ ಮಕ್ಕಳೊಂದಿಗೆ ಮೊದಲ ಕ್ರೂಸ್: ಬುಕಿಂಗ್‌ನಿಂದ ಹಡಗು ಇಳಿಯುವವರೆಗೆ

ಚಿಕ್ಕ ಮಕ್ಕಳಿರುವ ಕುಟುಂಬಕ್ಕೆ ಕ್ರೂಸ್ ಚೆನ್ನಾಗಿ ಒಗ್ಗುವ ಪ್ರವಾಸ. ಬ್ಯಾಗು ಬಿಚ್ಚುವುದು ಒಂದೇ ಸಲ, ಕಟ್ಟುವುದು ಒಂದೇ ಸಲ. ಹಸಿದ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಅನ್ನ ಮೊಸರು ಎಲ್ಲಿ ಸಿಗುತ್ತದೆಂದು ಗೊತ್ತಿಲ್ಲದ ಊರಿನಲ್ಲಿ ಅಲೆಯಬೇಕಿಲ್ಲ. ಮಗುವಿಗೆ ನಿದ್ದೆ ಬಂದರೆ ನಿಮ್ಮ ಕೋಣೆ ನಾಲ್ಕು ಹೆಜ್ಜೆ ದೂರದಲ್ಲಿರುತ್ತದೆ. ಆದರೆ ಈ ಸುಖ ಸಿಗಬೇಕಾದರೆ ಒಂದು ಮಾತನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳಬೇಕು: ಪುಟ್ಟ ಮಕ್ಕಳ ಜೊತೆ ಹೋಗುವಾಗ ಹಡಗೇ ಪ್ರವಾಸದ ಜಾಗ, ಬಂದರುಗಳು ಆಮೇಲಿನ ಮಾತು. ಮೂರು ರಾತ್ರಿಯಲ್ಲಿ ಮೂರು ಊರು ನೋಡಿಬಿಡೋಣ ಎಂದು ಹೊರಟವರು ಸುಸ್ತಾಗಿ ಮರಳುತ್ತಾರೆ. ಕಡಿಮೆ ದಿನ, ಕಡಿಮೆ ಬಂದರು, ಮಗುವಿನ ನಿದ್ದೆ ಮತ್ತು ಊಟದ ಸುತ್ತ ಹೆಣೆದ ದಿನಚರಿ. ಮೊದಲ ಸಲಕ್ಕೆ ಇಷ್ಟೇ ಗುರಿ ಇರಲಿ.

ಕರ್ನಾಟಕದಿಂದ ಹೊರಡುವವರಿಗೆ ಕೈಗೆಟುಕುವ ದಾರಿ ಮುಖ್ಯವಾಗಿ ಎರಡು: ಮುಂಬೈ ಮತ್ತು ಸಿಂಗಾಪುರ. ಅವೆರಡನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ಬರೆದಿದ್ದೇನೆ.

1. ಮೊದಲು ಮಗುವಿನ ವಯಸ್ಸು, ಆಮೇಲೆ ಹಡಗು

ದರಪಟ್ಟಿ ನೋಡುವ ಮುನ್ನ ವಯಸ್ಸಿನ ನಿಯಮ ನೋಡಿ. ಹೆಚ್ಚಿನ ಕಂಪನಿಗಳು ಆರು ತಿಂಗಳು ತುಂಬದ ಕೂಸನ್ನು ಹತ್ತಿಸಿಕೊಳ್ಳುವುದಿಲ್ಲ. ಮಹಾಸಾಗರ ದಾಟುವ ಅಥವಾ ಸತತವಾಗಿ ಹಲವು ದಿನ ಬಂದರು ಮುಟ್ಟದ ಯಾನವಾದರೆ ಹನ್ನೆರಡು ತಿಂಗಳು ತುಂಬಿರಬೇಕೆನ್ನುವುದು ವಾಡಿಕೆ. ಈ ಲೆಕ್ಕ ಬುಕ್ ಮಾಡುವ ದಿನದ್ದಲ್ಲ, ಹಡಗು ಹೊರಡುವ ದಿನದ್ದು. ತಾಯಿ ಮತ್ತೆ ಗರ್ಭಿಣಿಯಾಗಿದ್ದರೆ ಇನ್ನೊಂದು ಮಿತಿಯೂ ಇದೆ. ಯಾನ ಮುಗಿಯುವ ಹೊತ್ತಿಗೆ 24 ವಾರ ತಲುಪುವವರನ್ನು ಬಹುತೇಕ ಹಡಗುಗಳು ಸೇರಿಸಿಕೊಳ್ಳುವುದಿಲ್ಲ, ವೈದ್ಯರ ಪತ್ರವಿದ್ದರೂ ಸರಿಯೇ.

ಜಾಹೀರಾತಿನಲ್ಲಿ ಕಾಣುವ ಮಕ್ಕಳ ಕ್ಲಬ್‌ಗೆ ಸಾಮಾನ್ಯವಾಗಿ ಮೂರು ವರ್ಷ ತುಂಬಿರಬೇಕು, ಡಯಾಪರ್ ಬಿಟ್ಟಿರಬೇಕು. ಮೂರರೊಳಗಿನವರಿಗೆ ಕೆಲವು ದೊಡ್ಡ ಹಡಗುಗಳಲ್ಲಿ ನರ್ಸರಿ ಇದೆ, ಅದಕ್ಕೆ ಗಂಟೆ ಲೆಕ್ಕದಲ್ಲಿ ಪ್ರತ್ಯೇಕ ಶುಲ್ಕ. ಈಜುಕೊಳದ್ದೂ ಇದೇ ಕತೆ. ಡಯಾಪರ್ ಹಾಕಿದ ಮಗುವನ್ನು, ಈಜುವ ಡಯಾಪರ್ ಆದರೂ, ಮುಖ್ಯ ಕೊಳಕ್ಕೆ ಇಳಿಸಲು ಬಿಡುವುದಿಲ್ಲ. ಕೂಸುಗಳಿಗೆಂದೇ ನೀರು ಚಿಮ್ಮುವ ಜಾಗ ಇರುವ ಹಡಗುಗಳಲ್ಲಿ ಮಾತ್ರ ಅವಕ್ಕೆ ನೀರಾಟ.

ನನ್ನ ಅಭಿಪ್ರಾಯದಲ್ಲಿ ಅತಿ ಕಷ್ಟದ ವಯಸ್ಸು ಒಂದರಿಂದ ಎರಡೂವರೆ. ನಡೆಯುತ್ತದೆ, ಹತ್ತುತ್ತದೆ, ಹೇಳಿದ್ದು ಕೇಳುವುದಿಲ್ಲ, ಕ್ಲಬ್‌ಗೂ ಸೇರಿಸುವಂತಿಲ್ಲ. ಎಂಟು ತಿಂಗಳ ಕೂಸಿನೊಂದಿಗೆ ಹೋಗುವುದು ಅದಕ್ಕಿಂತ ಸಲೀಸು. ನಾಲ್ಕು ದಾಟಿದ ಮಗುವಿಗಂತೂ ಹಡಗು ಹಬ್ಬ. ಎರಡು ವರ್ಷದ ತುಂಟ ಮನೆಯಲ್ಲಿದ್ದರೆ ಅಜ್ಜಿಯನ್ನೋ ಚಿಕ್ಕಮ್ಮನನ್ನೋ ಜೊತೆಗೆ ಕರೆದುಕೊಂಡು ಹೋಗಿ. ಸಾಧ್ಯವಾಗದಿದ್ದರೆ ಒಂದು ವರ್ಷ ತಡೆಯಿರಿ, ನಷ್ಟವೇನೂ ಇಲ್ಲ.

2. ಮುಂಬೈಯೋ ಸಿಂಗಾಪುರವೋ

ಮುಂಬೈನಿಂದ ಕಾರ್ಡೆಲಿಯಾ ಕ್ರೂಸಸ್‌ನ ಎಂಪ್ರೆಸ್ ಹಡಗು 2021ರ ಸೆಪ್ಟೆಂಬರ್‌ನಿಂದ ಯಾನ ನಡೆಸುತ್ತಿದೆ. ಗೋವಾ, ಕೊಚ್ಚಿ, ಲಕ್ಷದ್ವೀಪ ಅದರ ಪರಿಚಿತ ದಾರಿಗಳು. ಹಡಗು 1990ರದ್ದು, ಇಂದಿನ ದೈತ್ಯ ಹಡಗುಗಳ ಮುಂದೆ ಚಿಕ್ಕದು. ಮೊದಲ ಸಲದವರಿಗೆ ಇದರಿಂದ ಒಂದು ಲಾಭವೂ ಇದೆ: ಎಲ್ಲವೂ ಹತ್ತಿರ, ಮಗು ಕಣ್ಣು ತಪ್ಪಿಸಿಕೊಳ್ಳುವ ಜಾಗ ಕಡಿಮೆ. ಇಡ್ಲಿ, ಸಾಂಬಾರ್, ಜೈನ ಊಟದ ಚಿಂತೆಯಿಲ್ಲ, ದೇಶದೊಳಗಿನ ಯಾನಕ್ಕೆ ಪಾಸ್‌ಪೋರ್ಟ್ ಬೇಕಿಲ್ಲ. ವಾರಾಂತ್ಯದ ಯಾನಗಳಲ್ಲಿ ಗೆಳೆಯರ ಗುಂಪು, ಡಿಜೆ, ತಡರಾತ್ರಿಯ ಗದ್ದಲ ಹೆಚ್ಚು. ಮಕ್ಕಳು ಇನ್ನೂ ಶಾಲೆಗೆ ಸೇರದಿದ್ದರೆ ವಾರದ ನಡುವಿನ ಯಾನವನ್ನೇ ಆರಿಸಿ.

ಸಿಂಗಾಪುರದ ಹಡಗುಗಳು ದೊಡ್ಡವು, ಮಕ್ಕಳ ಆಟದ ವ್ಯವಸ್ಥೆಯೂ ಹೆಚ್ಚು. ಗೆಂಟಿಂಗ್ ಡ್ರೀಮ್ 2022ರಿಂದ ಅಲ್ಲಿಂದ ಹೊರಡುತ್ತಿದೆ, ಭಾರತೀಯರ ಸಸ್ಯಾಹಾರಕ್ಕೆ ಒಗ್ಗಿಕೊಂಡಿರುವ ಹಡಗು ಅದು. ರಾಯಲ್ ಕೆರಿಬಿಯನ್ ಹಡಗುಗಳು ಋತುವಿಗೆ ತಕ್ಕಂತೆ ಬಂದು ಹೋಗುತ್ತವೆ. ಡಿಸ್ನಿ ಅಡ್ವೆಂಚರ್ ಹಡಗಿಗೆ ಗೊತ್ತುಮಾಡಿದ ನೆಲೆಯೂ ಸಿಂಗಾಪುರವೇ. ಅದರ 3 ಮತ್ತು 4 ರಾತ್ರಿಗಳ ಯಾನವನ್ನು ಯಾವ ಬಂದರಿನಲ್ಲೂ ನಿಲ್ಲದೆ ಸಮುದ್ರದಲ್ಲೇ ಸುತ್ತಿ ಮರಳುವಂತೆ ರೂಪಿಸಿದ್ದಾರೆ. ಊರು ನೋಡಬೇಕೆನ್ನುವವರಿಗೆ ಇದು ಕೊರತೆಯಾಗಿ ಕಂಡೀತು. ಮೂರು ವರ್ಷದ ಮಗುವಿನ ಅಪ್ಪ ಅಮ್ಮನಿಗೆ ಅದೇ ಅನುಕೂಲ.

ಪ್ರತಿ ಚಳಿಗಾಲ ನವಮಂಗಳೂರು ಬಂದರಿಗೂ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ, ಅವುಗಳ ಪ್ರಯಾಣಿಕರು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ ನೋಡಿ ಸಂಜೆಗೆ ಹೊರಟುಹೋಗುತ್ತಾರೆ. ಅಲ್ಲೇ ಹತ್ತಿ ಅಲ್ಲೇ ಇಳಿಯುವ ಯಾನ ನಮ್ಮ ಕರಾವಳಿಯಿಂದಲೇ ನಿಯಮಿತವಾಗಿ ಶುರುವಾದರೆ ಎಷ್ಟು ಚೆನ್ನ!

ಕಾಲದ ವಿಷಯದಲ್ಲಿ ರಾಜಿ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರ ಮುಂಗಾರಿನ ಅಬ್ಬರದಲ್ಲಿರುತ್ತದೆ. ಪಶ್ಚಿಮ ಕರಾವಳಿಯ ಯಾನಕ್ಕೆ ನವೆಂಬರ್‌ನಿಂದ ಮಾರ್ಚ್ ಹಿತವಾದ ಸಮಯ. ಸಿಂಗಾಪುರದಿಂದ ಪೆನಾಂಗ್, ಫುಕೆಟ್ ಕಡೆ ಸಾಗುವ ಮಲಕ್ಕಾ ಜಲಸಂಧಿ ಎರಡೂ ಕಡೆ ನೆಲದ ಆಸರೆ ಇರುವುದರಿಂದ ಬಹುಮಟ್ಟಿಗೆ ಶಾಂತ.

3. ಕ್ಯಾಬಿನ್

ಹಡಗು ತೊಟ್ಟಿಲಿನಂತೆ ತೂಗುವಾಗ ತುದಿಗಳು ಹೆಚ್ಚು ಆಡುತ್ತವೆ, ನಡುಭಾಗ ಕಡಿಮೆ ಆಡುತ್ತದೆ. ಆದ್ದರಿಂದ ಹಡಗಿನ ಉದ್ದದ ನಡುಮಧ್ಯೆ, ಕೆಳಗಿನ ಡೆಕ್‌ಗಳಲ್ಲಿ, ಅಂದರೆ ಹಡಗಿನ ಕೆಳಮಹಡಿಗಳಲ್ಲಿ, ಕೋಣೆ ಕೇಳಿ. ಡೆಕ್‌ಗಳ ನಕ್ಷೆ ತೆರೆದು ನಿಮ್ಮ ಕೋಣೆಯ ಮೇಲೆ ಕೆಳಗೆ ಏನಿದೆ ನೋಡಿ. ಮೇಲೆ ಕ್ಲಬ್ಬೋ ಅಡುಗೆಮನೆಯೋ ಇದ್ದರೆ ಮಗುವಿನ ನಿದ್ದೆ ಹಾಳು. ಮೇಲೂ ಕೆಳಗೂ ಕ್ಯಾಬಿನ್‌ಗಳೇ ಇರುವ ಜಾಗ ಒಳ್ಳೆಯದು.

ಕಿಟಕಿಯಿಲ್ಲದ ಒಳಕೋಣೆ ಅಗ್ಗ, ಹಗಲಲ್ಲೂ ಕಗ್ಗತ್ತಲು. ಮಧ್ಯಾಹ್ನ ಮಲಗುವ ಕೂಸಿಗೆ ಅದೇ ವರ, ಆದರೆ ಬೆಳಗಾಯಿತೋ ಇಲ್ಲವೋ ನಿಮಗೆ ತಿಳಿಯುವುದಿಲ್ಲ. ಬಾಲ್ಕನಿ ಇದ್ದರೆ ಮಗು ಮಲಗಿದ ಮೇಲೆ ಗಂಡ ಹೆಂಡತಿ ಹೊರಗೆ ಕೂತು ನಾಲ್ಕು ಮಾತಾಡಬಹುದು. ಬಾಲ್ಕನಿ ತೆಗೆದುಕೊಂಡರೆ ಎರಡು ನಿಯಮ ಮಾತ್ರ ಕಟ್ಟುನಿಟ್ಟು: ಕುರ್ಚಿ ಮೇಜುಗಳನ್ನು ಕಂಬಿಯಿಂದ ದೂರ ಸರಿಸಿಡುವುದು, ದೊಡ್ಡವರಿಲ್ಲದೆ ಬಾಗಿಲಿನ ಚಿಲಕ ತೆಗೆಯದಿರುವುದು. ಹತ್ತುವ ವಯಸ್ಸಿನ ಎರಡು ಮಕ್ಕಳಿದ್ದರೆ ಮೊದಲ ಸಲ ಕಿಟಕಿ ಕೋಣೆಯೇ ಸಾಕು.

ಮೂರನೆಯ, ನಾಲ್ಕನೆಯ ಹಾಸಿಗೆ ಸಾಮಾನ್ಯವಾಗಿ ಗೋಡೆಯಿಂದ ಅಥವಾ ಚಾವಣಿಯಿಂದ ಇಳಿಯುವ ಮೇಲು ಬರ್ತ್. ಪುಟ್ಟ ಮಗುವನ್ನು ಅಲ್ಲಿ ಮಲಗಿಸಬೇಡಿ, ದೊಡ್ಡವರೊಬ್ಬರು ಮೇಲೆ ಹೋಗಲಿ. ಕೂಸಿಗೆ ಮಡಚುವ ತೊಟ್ಟಿಲು ಬಹುತೇಕ ಹಡಗುಗಳಲ್ಲಿ ಉಚಿತ, ಆದರೆ ಎಣಿಕೆಯಷ್ಟೇ ಇರುತ್ತವೆ. ಬುಕ್ ಮಾಡುವಾಗಲೇ ಬರೆಸಿ. ಇನ್ನೊಂದು ಮಾತು: ರೈಲಿನಲ್ಲಿ ಮಾಡಿದಂತೆ ‘ಕೂಸು ತಾನೆ, ಮಡಿಲಲ್ಲಿ ಕೂರುತ್ತದೆ’ ಎಂದು ಹೆಸರು ಸೇರಿಸದೆ ಬಿಡುವಂತಿಲ್ಲ. ಜೀವರಕ್ಷಕ ದೋಣಿಯ ಲೆಕ್ಕದಲ್ಲಿ ಹಸುಗೂಸೂ ಒಂದು ತಲೆ.

4. ಹಣ

ದರ ಇಬ್ಬರು ಒಂದು ಕೋಣೆಯಲ್ಲಿರುವ ಲೆಕ್ಕದ್ದು. ಮೊದಲ ಇಬ್ಬರು ಯಾವ ವಯಸ್ಸಿನವರಾದರೂ ಪೂರ್ತಿ ದರ ಕೊಡಬೇಕು. ಅಂದರೆ ಅಮ್ಮ ಒಬ್ಬಳೇ ಮಗುವಿನೊಂದಿಗೆ ಹೊರಟರೆ ಮಗುವಿಗೂ ದೊಡ್ಡವರ ದರ. ರಿಯಾಯಿತಿ ಸಿಗುವುದು ಮೂರನೆಯವರಿಂದ. ಅದರ ಮೇಲೆ ತೆರಿಗೆ, ಬಂದರು ಶುಲ್ಕ, ದಿನಕ್ಕೆ ತಲೆಗಿಷ್ಟು ಎಂದು ಸೇವಾ ಟಿಪ್ಸ್. ಹಲವು ಕಂಪನಿಗಳು ಟಿಪ್ಸ್ ಲೆಕ್ಕದಲ್ಲಿ ಕೂಸನ್ನೂ ಸೇರಿಸುತ್ತವೆ. ವೈ-ಫೈ, ಬಾಟಲಿ ಪಾನೀಯ, ವಿಶೇಷ ರೆಸ್ಟೋರೆಂಟ್, ಬಂದರಿನ ಸುತ್ತಾಟ ಇವೆಲ್ಲ ಬೇರೆ. ವಿದೇಶಿ ಪ್ಯಾಕೇಜ್ ಕೊಂಡರೆ ಏಜೆಂಟರು ಟಿಸಿಎಸ್ (ಮಾರುವಾಗಲೇ ವಸೂಲು ಮಾಡುವ ತೆರಿಗೆ) ಹಿಡಿಯುತ್ತಾರೆ, ಆದಾಯ ತೆರಿಗೆ ವಿವರ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು. ರಸೀತಿ ಕಳೆಯಬೇಡಿ.

ವಿಮೆ ಮಾಡಿಸುವಾಗ ಅದರಲ್ಲಿ ಕ್ರೂಸ್ ಸೇರಿದೆಯೇ ಎಂದು ಬರಹದಲ್ಲಿ ಕೇಳಿ ಪಡೆಯಿರಿ. ಹಡಗಿನ ವೈದ್ಯರ ಶುಲ್ಕ ದುಬಾರಿ, ಮತ್ತು ನಿಮ್ಮ ಊರಿನ ಆರೋಗ್ಯ ವಿಮೆಯ ಕಾರ್ಡನ್ನು ಅಲ್ಲಿ ತೋರಿಸಿ ಪ್ರಯೋಜನವಿಲ್ಲ.

5. ಕಾಗದಪತ್ರ

ನಮ್ಮ ಕಡೆಯವರು ಎಡವುವುದು ಇನಿಷಿಯಲ್‌ಗಳಲ್ಲಿ. ಆಧಾರ್‌ನಲ್ಲಿ ‘ಕೆ. ಎನ್.’ ಎಂದಿರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಊರು, ತಂದೆಯ ಹೆಸರು ಬಿಡಿಸಿ ಬರೆದಿರುತ್ತದೆ, ಮಗುವಿನ ಜನನ ಪ್ರಮಾಣಪತ್ರದಲ್ಲಿ ಮೂರನೆಯ ಬಗೆ. ಬುಕಿಂಗ್‌ನಲ್ಲಿ ಹೆಸರು ನೀವು ಬಂದರಿನಲ್ಲಿ ತೋರಿಸುವ ದಾಖಲೆಯಲ್ಲಿರುವಂತೆಯೇ, ಅಕ್ಷರಕ್ಕೆ ಅಕ್ಷರ ಹೊಂದಬೇಕು. ಏಜೆಂಟರಿಗೆ ಫೋನಿನಲ್ಲಿ ಹೆಸರು ಹೇಳಬೇಡಿ, ದಾಖಲೆಯ ಪುಟವನ್ನೇ ಕಳಿಸಿ.

ಮಕ್ಕಳ ಪಾಸ್‌ಪೋರ್ಟ್ ಅವಧಿ ಐದೇ ವರ್ಷ. ಕೂಸಾಗಿದ್ದಾಗ ಮಾಡಿಸಿದ್ದು ಯಾವಾಗ ಮುಗಿಯುತ್ತದೆ ಎಂದು ಇವತ್ತೇ ತೆಗೆದು ನೋಡಿ. ಪ್ರವಾಸದ ದಿನದಿಂದ ಕನಿಷ್ಠ ಆರು ತಿಂಗಳು ಉಳಿದಿರಬೇಕು. ಸಿಂಗಾಪುರದಿಂದ ಹಡಗು ಹತ್ತುವುದೆಂದರೆ ಆ ದೇಶ ಬಿಟ್ಟು ಮತ್ತೆ ಪ್ರವೇಶಿಸುವುದು. ಹಾಗಾಗಿ ಹಲವು ಪ್ರವೇಶಕ್ಕೆ ಅವಕಾಶವಿರುವ ವೀಸಾ ಬೇಕು, ಅಲ್ಲಿನ ಆಗಮನ ಕಾರ್ಡನ್ನೂ ಮರಳುವ ಹೊತ್ತಿಗೆ ಮತ್ತೊಮ್ಮೆ ತುಂಬಬೇಕಾಗುತ್ತದೆ. ಮಲೇಷ್ಯಾ, ಥಾಯ್ಲೆಂಡ್ ಬಂದರುಗಳ ನಿಯಮ ಆಗಾಗ ಬದಲಾಗುವುದರಿಂದ ಹೊರಡುವ ತಿಂಗಳಲ್ಲಿ ಆಯಾ ದೇಶದ ಅಧಿಕೃತ ತಾಣದಲ್ಲಿ ನೋಡಿಕೊಳ್ಳಿ. ಲಕ್ಷದ್ವೀಪಕ್ಕೆ ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು. ಕ್ರೂಸ್ ಕಂಪನಿ ಕೇಳುವ ದಾಖಲೆಗಳನ್ನು ಮಕ್ಕಳದ್ದೂ ಸೇರಿಸಿ ಮುಂಚಿತವಾಗಿ ಕೊಡಿ. ಅಪ್ಪ ಅಥವಾ ಅಮ್ಮ ಒಬ್ಬರೇ, ಇಲ್ಲವೇ ಅಜ್ಜಿ ತಾತ ಕರೆದೊಯ್ಯುತ್ತಿದ್ದರೆ, ಬರದೆ ಉಳಿದ ಪೋಷಕರ ಒಪ್ಪಿಗೆ ಪತ್ರವನ್ನು ನೋಟರಿ ಮಾಡಿಸಿ ಇಟ್ಟುಕೊಳ್ಳಿ.

6. ಬ್ಯಾಗಿಗೆ ಏನು, ಏನು ಬೇಡ

ಬೇಡವಾದದ್ದರಿಂದಲೇ ಶುರು ಮಾಡೋಣ, ಏಕೆಂದರೆ ನಾವು ಅಭ್ಯಾಸಬಲದಿಂದ ತುಂಬಿಕೊಳ್ಳುವ ವಸ್ತುಗಳೇ ಅಲ್ಲಿ ನಿಷಿದ್ಧ. ಎಲೆಕ್ಟ್ರಿಕ್ ಕೆಟಲ್, ಇಂಡಕ್ಷನ್ ಒಲೆ, ಪುಟ್ಟ ರೈಸ್ ಕುಕ್ಕರ್, ಇಸ್ತ್ರಿಪೆಟ್ಟಿಗೆ, ಎಕ್ಸ್‌ಟೆನ್ಷನ್ ಬೋರ್ಡ್ ಇವೆಲ್ಲವನ್ನೂ ಬಂದರಿನಲ್ಲೇ ತೆಗೆದಿರಿಸುತ್ತಾರೆ. ದೀಪ, ಊದಿನಕಡ್ಡಿ, ಕರ್ಪೂರವೂ ಬೇಡ. ಸಮುದ್ರದ ನಡುವೆ ಬೆಂಕಿಯಷ್ಟು ಭಯಾನಕವಾದದ್ದು ಹಡಗಿಗೆ ಇನ್ನೊಂದಿಲ್ಲ. ಮನೆಯಲ್ಲಿ ಮಾಡಿದ ಪುಳಿಯೋಗರೆ, ಚಪಾತಿಗೂ ಸಾಮಾನ್ಯವಾಗಿ ಅನುಮತಿ ಇಲ್ಲ. ಮುಚ್ಚಿದ ಪ್ಯಾಕೆಟ್ಟಿನ ತಿನಿಸು ಮತ್ತು ಶಿಶು ಆಹಾರಕ್ಕೆ ಅಡ್ಡಿ ಮಾಡುವುದಿಲ್ಲ. ಕೂಸಿಗೆ ರಾಗಿ ಸರಿ ಕೊಡುವವರು ಮನೆಯಲ್ಲಿ ಮಾಡಿದ ಪುಡಿಯ ಬದಲು ಹೆಸರು, ತಾರೀಖು ಅಚ್ಚಾದ ಪ್ಯಾಕೆಟ್ ಒಯ್ದರೆ ತನಿಖೆಯಲ್ಲಿ ವಿವರಿಸುವ ಕಷ್ಟ ತಪ್ಪುತ್ತದೆ. ಬಿಸಿನೀರು ಬಫೆ ಕೌಂಟರಿನಲ್ಲಿ ಯಾವಾಗಲೂ ಸಿಗುತ್ತದೆ. ಅಗಲ ಬಾಯಿಯ ಫ್ಲಾಸ್ಕ್ ಒಂದಿದ್ದರೆ ಕೋಣೆಯಲ್ಲೇ ಕಲಸಬಹುದು.

ಡಯಾಪರ್, ಹಾಲಿನ ಪುಡಿ ಬೇಕಾದ್ದಕ್ಕಿಂತ ಎರಡು ದಿನದ್ದು ಹೆಚ್ಚು ಇರಲಿ. ಹಡಗಿನ ಅಂಗಡಿಯಲ್ಲಿ ನಿಮ್ಮ ಮಗುವಿನ ಅಳತೆಯದ್ದು ಸಿಗುವ ಭರವಸೆಯಿಲ್ಲ. ಎಸಿ ತಂಪು ಜೋರಾಗಿರುವುದರಿಂದ ಒಂದು ತೆಳು ಸ್ವೆಟರ್, ಕುಲಾವಿ. ಜಾರದ ಚಪ್ಪಲಿ. ಕ್ಯಾಬಿನ್ ಬಾಗಿಲು ಕಿರಿದು, ಆದ್ದರಿಂದ ಛತ್ರಿಯ ಹಾಗೆ ಮಡಚುವ ಹಗುರ ಸ್ಟ್ರಾಲರ್ ಮಾತ್ರ.

ದೊಡ್ಡ ಸೂಟ್‌ಕೇಸ್‌ಗಳನ್ನು ಬಂದರಿನಲ್ಲಿ ಒಪ್ಪಿಸಿದರೆ ಅವು ಕೋಣೆಗೆ ತಲುಪುವುದು ಸಂಜೆಗೆ. ಅಲ್ಲಿಯವರೆಗೆ ನಿಮ್ಮ ಬಳಿ ಒಂದು ಕೈಚೀಲ ಇರಬೇಕು: ದಾಖಲೆ, ಔಷಧಿ, ನಾಲ್ಕೈದು ಡಯಾಪರ್, ಒಂದು ಜೊತೆ ಬಟ್ಟೆ, ಈಜುಡುಗೆ. ಮೊದಲ ಮಧ್ಯಾಹ್ನ ಬಹಳ ಜನ ಇನ್ನೂ ಹತ್ತುತ್ತಲೇ ಇರುವುದರಿಂದ ಈಜುಕೊಳ ಖಾಲಿ, ಆ ಹೊತ್ತನ್ನು ಮಕ್ಕಳಿಗೆ ಕೊಡಿ.

7. ಹತ್ತುವ ದಿನ

ಹಿಂದಿನ ದಿನವೇ ಬಂದರಿನ ಊರು ತಲುಪಿ. ಬೆಂಗಳೂರಿನಿಂದ ಬೆಳಗಿನ ವಿಮಾನ ಹಿಡಿದು ಮಧ್ಯಾಹ್ನ ಹಡಗು ಹತ್ತುವ ಲೆಕ್ಕಾಚಾರ ಕಾಗದದ ಮೇಲೆ ಸರಿ. ಮಂಜು ಬಿದ್ದು ವಿಮಾನ ತಡವಾದರೆ ಹಡಗು ಕಾಯುವುದಿಲ್ಲ. ಅದು ಹೊರಡುವುದಕ್ಕೆ ಬಹಳ ಮುಂಚೆಯೇ ಚೆಕ್-ಇನ್ ಮುಚ್ಚುತ್ತದೆ. ಸಿಂಗಾಪುರದಲ್ಲಿ ಮರೀನಾ ಬೇ ಮತ್ತು ಹಾರ್ಬರ್‌ಫ್ರಂಟ್ ಎಂದು ಎರಡು ಕ್ರೂಸ್ ನಿಲ್ದಾಣಗಳಿವೆ, ಟಿಕೆಟ್‌ನಲ್ಲಿ ಯಾವುದಿದೆ ನೋಡಿಕೊಂಡು ಟ್ಯಾಕ್ಸಿಗೆ ಹೇಳಿ.

ಹಡಗಿನೊಳಗೆ ಕಾಲಿಟ್ಟ ಮೇಲೆ ಎಲ್ಲಕ್ಕಿಂತ ಮೊದಲ ಕೆಲಸ ಸುರಕ್ಷತಾ ಡ್ರಿಲ್, ಅಂದರೆ ಅಪಾಯ ಬಂದಾಗ ಏನು ಮಾಡಬೇಕೆಂಬ ತಾಲೀಮು. ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2012ರ ಜನವರಿ 13ರಂದು ಇಟಲಿಯ ಜಿಗ್ಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಕ್ರೂಸ್ ಹಡಗು ಬಂಡೆಗೆ ಬಡಿದು 32 ಮಂದಿ ಸತ್ತರು. ಆ ಸಂಜೆಯಷ್ಟೇ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಇನ್ನೂ ಡ್ರಿಲ್ ಆಗಿರಲಿಲ್ಲ. ಆ ದುರಂತದ ನಂತರ ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಡ್ರಿಲ್ ಮುಗಿಸಬೇಕೆಂಬ ಅಂತರರಾಷ್ಟ್ರೀಯ ನಿಯಮ ಬಂತು. ಈಗ ಹಲವು ಹಡಗುಗಳಲ್ಲಿ ಫೋನಿನಲ್ಲಿ ವಿಡಿಯೊ ನೋಡಿ, ನಿಮ್ಮ ಗುಂಪು ಸೇರುವ ಜಾಗಕ್ಕೆ ಹೋಗಿ ಹಾಜರಿ ಹಾಕಿಸಿದರೆ ಸಾಕು. ಮಕ್ಕಳನ್ನೂ ಕರೆದುಕೊಂಡು, ಲಿಫ್ಟ್ ಬಿಟ್ಟು ಮೆಟ್ಟಿಲಿನಲ್ಲೇ ಆ ಜಾಗಕ್ಕೆ ನಡೆದು ಹೋಗಿ. ಅಪಾಯದ ಸೂಚನೆ ಏಳು ಚಿಕ್ಕ ಸದ್ದು, ಒಂದು ಉದ್ದ ಸದ್ದು. ಮನೆಯಲ್ಲೇ ಚಪ್ಪಾಳೆ ತಟ್ಟಿ ಆಟದಂತೆ ಕಲಿಸಿದರೆ ನಾಲ್ಕು ವರ್ಷದ ಮಗುವಿಗೂ ನೆನಪಿರುತ್ತದೆ.

ಕೋಣೆಯ ಸಿಬ್ಬಂದಿಯ ಬಳಿ ಮಗುವಿನ ಅಳತೆಯ ಲೈಫ್ ಜಾಕೆಟ್ ಎಲ್ಲಿದೆ ಎಂದು ಕೇಳಿ. ಮಕ್ಕಳ ಕೈಗೆ ಗುಂಪಿನ ಸಂಖ್ಯೆಯಿರುವ ಪಟ್ಟಿ ಕೊಡುವ ಹಡಗಾದರೆ ಕೊನೆಯ ದಿನದವರೆಗೂ ಬಿಚ್ಚಬೇಡಿ. ಕೊಡದಿದ್ದರೆ ಒಂದು ಚೀಟಿಯಲ್ಲಿ ಕ್ಯಾಬಿನ್ ಸಂಖ್ಯೆ ಬರೆದು ಜೇಬಿಗೆ ಹಾಕಿ. ಕೊಳದ ಬಳಿ ಲೈಫ್‌ಗಾರ್ಡ್ ಎಲ್ಲ ಹಡಗುಗಳಲ್ಲೂ ಇರುವುದಿಲ್ಲ. ಇದ್ದರೂ ಮಗುವಿನ ಮೇಲಿನ ಕಣ್ಣು ನಿಮ್ಮದೇ ಆಗಿರಲಿ, ಆ ಹೊತ್ತು ಫೋನು ಚೀಲದೊಳಗೆ.

ಫೋನಿನ ಮಾತು ಬಂತು: ಹಡಗು ದಡ ಬಿಟ್ಟ ಕೂಡಲೇ ಏರ್‌ಪ್ಲೇನ್ ಮೋಡ್‌ಗೆ ಹಾಕಿ. ಸಮುದ್ರದ ನಡುವೆ ಉಪಗ್ರಹದ ಮೂಲಕ ಸಿಗುವ ಮೊಬೈಲ್ ಜಾಲಕ್ಕೆ ಫೋನ್ ತಾನಾಗಿಯೇ ಸೇರಿಕೊಂಡರೆ ಬರುವ ಬಿಲ್ಲು ಮಾಮೂಲಿ ರೋಮಿಂಗ್ ಪ್ಯಾಕಿನೊಳಗೆ ಬರುವುದಿಲ್ಲ.

8. ವಾಕರಿಕೆ, ಹೊಟ್ಟೆ, ಊಟ

ಎರಡು ವರ್ಷದೊಳಗಿನ ಮಕ್ಕಳಿಗೆ ಸಮುದ್ರದ ವಾಕರಿಕೆ ಕಡಿಮೆ. ಆಮೇಲೆ ಹೆಚ್ಚುತ್ತಾ ಹೋಗಿ ಶಾಲೆಗೆ ಹೋಗುವ ವಯಸ್ಸಿನಲ್ಲಿ ಜೋರಾಗಿರುತ್ತದೆ. ಮಾತಾಡುತ್ತಿದ್ದ ಮಗು ಸುಮ್ಮನಾಗುವುದು, ಮೇಲಿಂದ ಮೇಲೆ ಆಕಳಿಸುವುದು, ಮುಖ ಬಿಳಿಚುವುದು ಮೊದಲ ಲಕ್ಷಣ. ಆಗಲೇ ಟ್ಯಾಬ್ ಕಿತ್ತಿಟ್ಟು ತೆರೆದ ಡೆಕ್ಕಿಗೆ ಕರೆದೊಯ್ಯಿರಿ, ದೂರದ ನೀರಿನ ಅಂಚು ತೋರಿಸಿ, ಒಣ ಬಿಸ್ಕತ್ತೋ ತುಸು ನಿಂಬೆ ಪಾನಕವೋ ಕೊಡಿ. ಖಾಲಿ ಹೊಟ್ಟೆಯೂ ಕೆಟ್ಟದ್ದು, ತುಂಬಿದ ಹೊಟ್ಟೆಯೂ ಕೆಟ್ಟದ್ದು.

ಬಸ್ ಪ್ರಯಾಣಕ್ಕೆ ನಮ್ಮಲ್ಲಿ ಅವೊಮಿನ್ ಮಾತ್ರೆ ಸಲೀಸಾಗಿ ಕೊಟ್ಟುಬಿಡುತ್ತಾರೆ. ಅದರಲ್ಲಿರುವ ಪ್ರೊಮೆಥಜಿನ್ ಎರಡು ವರ್ಷದೊಳಗಿನ ಮಕ್ಕಳಿಗೆ ಕೂಡದು, ಉಸಿರಾಟಕ್ಕೇ ಅಪಾಯ. ದೊಡ್ಡ ಮಕ್ಕಳಿಗೂ ಪ್ರಮಾಣವನ್ನು ನಿಮ್ಮ ಮಕ್ಕಳ ವೈದ್ಯರಿಂದ ಬರೆಸಿಕೊಂಡೇ ಹೊರಡಿ. ವಾಕರಿಕೆಯ ಮಾತ್ರೆ ಕೆಲಸ ಮಾಡುವುದು ಮುಂಚಿತವಾಗಿ ಕೊಟ್ಟಾಗ.

ಹಡಗುಗಳಲ್ಲಿ ವಾಂತಿ ಭೇದಿ ಹರಡುವ ನೊರೊವೈರಸ್ ಸ್ಯಾನಿಟೈಸರಿಗೆ ಅಷ್ಟಾಗಿ ಬಗ್ಗುವುದಿಲ್ಲ. ಪ್ರತಿ ಊಟಕ್ಕೆ ಮುನ್ನ ಸೋಪು ಹಾಕಿ ಕೈ ತೊಳೆಸಿ, ಬಫೆಯ ಸೌಟುಗಳನ್ನು ಮಕ್ಕಳು ಮುಟ್ಟದಂತೆ ನೀವೇ ಬಡಿಸಿ. ಓಆರ್‌ಎಸ್, ಜ್ವರದ ಸಿರಪ್, ಥರ್ಮಾಮೀಟರ್ ಜೊತೆಗಿರಲಿ.

ರಾತ್ರಿಯೂಟಕ್ಕೆ ಎರಡು ಸರದಿ ಇದ್ದರೆ ಮೊದಲ ಸರದಿ ಆರಿಸಿ. ಮೊದಲ ದಿನವೇ ಹಿರಿಯ ಮಾಣಿಯ ಪರಿಚಯ ಮಾಡಿಕೊಂಡು ಖಾರವಿಲ್ಲದ ಬೇಳೆ, ಮೆತ್ತಗಿನ ಅನ್ನ, ಮೊಸರು ಎಂದು ಹೇಳಿಟ್ಟರೆ ಮರುದಿನ ನೀವು ಕೂರುವಷ್ಟರಲ್ಲಿ ಮಗುವಿನ ತಟ್ಟೆ ಬಂದಿರುತ್ತದೆ. ಹಡಗಿನ ಸಿಬ್ಬಂದಿಯಲ್ಲಿ ಗೋವಾ, ಮಂಗಳೂರು ಕಡೆಯವರು ಸಿಗುವುದು ಅಪರೂಪವಲ್ಲ, ಅವರ ಮನೆಯಲ್ಲೂ ಇದೇ ವಯಸ್ಸಿನ ಮಗು ಕಾಯುತ್ತಿರಬಹುದು. ಅವರ ಅಕ್ಕರೆ ನೋಡಿದಾಗ ಮನಸ್ಸು ತುಂಬಿ ಬರುತ್ತದೆ.

9. ಬಂದರಿನ ದಿನ

ಬೆಳಿಗ್ಗೆ ಒಂದೇ ಜಾಗ, ಮಧ್ಯಾಹ್ನದ ನಿದ್ದೆಗೆ ವಾಪಸ್. ಇಡೀ ದಿನದ ಬಸ್ ಪ್ರವಾಸವನ್ನು ಮೂರು ವರ್ಷದ ಮಗುವಿನ ಮೇಲೆ ಹೇರಬೇಡಿ. ಗೋವಾದಲ್ಲಿ ಹಡಗು ನಿಲ್ಲುವುದು ಮೊರ್ಮುಗಾವ್ ಬಂದರಿನಲ್ಲಿ. ಉತ್ತರ ಗೋವಾದ ಕಡಲತೀರಗಳು ದೂರ, ವಾಸ್ಕೊ ಸುತ್ತಮುತ್ತ ಬೊಗ್ಮಾಲೊ ತೀರದಂಥ ಹತ್ತಿರದ ಜಾಗ ಸಾಕು. ಲಕ್ಷದ್ವೀಪದ ಬಳಿ ದೊಡ್ಡ ಹಡಗು ದಡಕ್ಕೆ ಹೋಗಲಾರದು. ಆಳ ನೀರಿನಲ್ಲಿ ಲಂಗರು ಹಾಕಿ ಚಿಕ್ಕ ದೋಣಿಗಳಲ್ಲಿ ಇಳಿಸುತ್ತಾರೆ. ಅಲುಗಾಡುವ ದೋಣಿಗೆ ಕಾಲಿಡುವ ಆ ಒಂದು ಹೆಜ್ಜೆಗೆ ನಿಮ್ಮ ಎರಡೂ ಕೈ ಖಾಲಿ ಇರಬೇಕು. ಸ್ಟ್ರಾಲರ್ ಕೋಣೆಯಲ್ಲೇ ಬಿಟ್ಟು ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್ ಬಳಸಿ. ಅಲೆ ಜೋರಿದ್ದರೆ ಇಳಿಯುವುದನ್ನೇ ಕೈಬಿಡುವುದುಂಟು, ಮಕ್ಕಳಿಗೆ ಮೊದಲೇ ಹೇಳಿಟ್ಟಿರಿ.

ಫುಕೆಟ್‌ಗೆ ಹೋಗುವವರು ಗಡಿಯಾರ ನೋಡಿಕೊಳ್ಳಬೇಕು. ಥಾಯ್ಲೆಂಡ್ ಸಿಂಗಾಪುರಕ್ಕಿಂತ ಒಂದು ಗಂಟೆ ಹಿಂದಿದೆ. ಹಡಗು ಸಿಂಗಾಪುರದ ಸಮಯವನ್ನೇ ಇಟ್ಟುಕೊಂಡಿದ್ದು ನಿಮ್ಮ ಫೋನ್ ಸ್ಥಳೀಯ ಸಮಯಕ್ಕೆ ತಿರುಗಿದರೆ, ಇನ್ನೂ ಒಂದು ಗಂಟೆ ಇದೆ ಎಂದುಕೊಂಡವರಿಗೆ ದಡದಿಂದಲೇ ಹಡಗಿನ ಬೆನ್ನು ಕಂಡೀತು. ಹಡಗಿನ ಸಮಯಕ್ಕೆ ಹೊಂದಿಸಿದ ಕೈಗಡಿಯಾರ ಕಟ್ಟಿಕೊಳ್ಳಿ.

10. ಇಳಿಯುವ ಮುನ್ನಾದಿನ

ಕೊನೆಯ ರಾತ್ರಿ ದೊಡ್ಡ ಬ್ಯಾಗುಗಳಿಗೆ ಚೀಟಿ ಕಟ್ಟಿ ಬಾಗಿಲ ಹೊರಗೆ ಇಡಲು ಹೇಳುತ್ತಾರೆ. ಬೆಳಿಗ್ಗೆ ಮಗುವಿಗೆ ಹಾಕುವ ಬಟ್ಟೆ, ಡಯಾಪರ್, ಚಪ್ಪಲಿ, ಪಾಸ್‌ಪೋರ್ಟ್ ಇವನ್ನು ತೆಗೆದಿರಿಸಿದ ಮೇಲೆಯೇ ಜಿಪ್ ಎಳೆಯಿರಿ. ಎಲ್ಲ ಬ್ಯಾಗನ್ನೂ ನೀವೇ ಹೊತ್ತು ಇಳಿಯುವುದಾದರೆ ಮೊದಲೇ ಬಿಡುತ್ತಾರೆ, ಆದರೆ ಮಕ್ಕಳಿರುವವರಿಗೆ ಆ ಅವಸರ ಬೇಡ. ಬಿಲ್ಲನ್ನು ರಾತ್ರಿಯೇ ತೆರೆದು ನೋಡಿ, ಬೆಳಿಗ್ಗೆ ಕೌಂಟರಿನಲ್ಲಿ ಉದ್ದ ಸಾಲು. ತೊಟ್ಟಿಲ ಕೆಳಗೆ, ಹಾಸಿಗೆಯ ಸಂದಿಯಲ್ಲಿ ಕೈಯಾಡಿಸಿ, ಮಗು ಹಿಡಿದು ಮಲಗುವ ಗೊಂಬೆ ಅಲ್ಲೇ ಉಳಿದರೆ ಮತ್ತೆ ಸಿಗುವುದು ಕಷ್ಟ. ಇಳಿದು, ವಲಸೆ ತಪಾಸಣೆ ಮುಗಿಸಿ ಹೊರಬರುವಷ್ಟರಲ್ಲಿ ಅರ್ಧ ಬೆಳಗು ಕಳೆದಿರುತ್ತದೆ. ಹಾಗಾಗಿ ಊರಿಗೆ ಮರಳುವ ವಿಮಾನ ಮಧ್ಯಾಹ್ನ ಎರಡರ ನಂತರದ್ದೇ ಇರಲಿ.